ಹೊಲದ ದಾರಿಯಲ್ಲಿ ಕಾರು: ಎಲ್ಲಿಯವರೆಗೆ ಹೋಗಬಹುದು, ಎಲ್ಲಿ ನಿಲ್ಲಿಸಬೇಕು?

ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದಲ್ಲಿ ಸಿಡಿಲು ಮಲ್ಲಿಕಾರ್ಜುನನ ಬೆಟ್ಟ, ಕೆ.ಆರ್. ನಗರದ ಕಡೆ ಚುಂಚನಕಟ್ಟೆ, ಎಚ್.ಡಿ. ಕೋಟೆಯಲ್ಲಿ ಕಬಿನಿ ಹಿನ್ನೀರು. ರಜೆ ಬಂತೆಂದರೆ ಮೈಸೂರು, ಬೆಂಗಳೂರಿನ ಕಾರುಗಳು ಈ ಕಡೆ ತಿರುಗುತ್ತವೆ. ತಾಪತ್ರಯ ಶುರುವಾಗುವುದು ಬೆಟ್ಟದ ಬುಡಕ್ಕೋ ನೀರಿನ ಅಂಚಿಗೋ ಇನ್ನಷ್ಟು ಹತ್ತಿರ ಹೋಗೋಣವೆಂದು ಡಾಂಬರು ಬಿಟ್ಟು ಹೊಲಗಳ ನಡುವಿನ ಮಣ್ಣುದಾರಿಗೆ ಕಾರು ಇಳಿಸಿದಾಗ. ಮೊಬೈಲಿನ ನಕ್ಷೆ ಆ ದಾರಿಯನ್ನೂ ರಸ್ತೆಯಂತೆಯೇ ತೋರಿಸುತ್ತದೆ. ಅದು ಯಾರದು, ಯಾವ ಕೆಲಸಕ್ಕಿದೆ ಎಂದು ಮಾತ್ರ ಹೇಳುವುದಿಲ್ಲ. ಹೊಲದ ದಾರಿಯಲ್ಲಿ ಹಾದುಹೋಗಲು ಅವಕಾಶ ಇದ್ದೀತು. ಹಾಗೆಂದು ಅಲ್ಲಿ ಗಾಡಿ ನಿಲ್ಲಿಸುವ ಹಕ್ಕೂ ಸಿಕ್ಕಿತೆಂದು ತಿಳಿಯುವುದು ತಪ್ಪು. ಈ ಎರಡನ್ನು ಬೇರೆಬೇರೆಯಾಗಿ ನೋಡಿದರೆ ಎಲ್ಲಿ ಸ್ಟಿಯರಿಂಗ್ ತಿರುಗಿಸಬೇಕು, ಎಲ್ಲಿ ಇಳಿದು ನಡೆಯಬೇಕು ಎಂಬುದು ಬಹುಪಾಲು ತಾನಾಗಿ ತೀರ್ಮಾನವಾಗುತ್ತದೆ.

ಹೊರಡುವ ಮುನ್ನ ದಾರಿಯ ಜಾತಕ ನೋಡಿಕೊಳ್ಳಿ. ಕಂದಾಯ ಇಲಾಖೆಯ ಜಾಲತಾಣದಲ್ಲಿ ಗ್ರಾಮ ನಕಾಶೆ ಸಿಗುತ್ತದೆ. ಅದರಲ್ಲಿ ಕಾಲುದಾರಿಗೆ ಒಂದು ಚುಕ್ಕೆಗೆರೆ, ಬಂಡಿದಾರಿಗೆ ಎರಡು. ‘ದಿಶಾಂಕ್’ ಆ್ಯಪ್ ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ಗೊತ್ತಾಗುತ್ತದೆ. ನಕಾಶೆಯಲ್ಲಿರುವ ಸಾರ್ವಜನಿಕ ದಾರಿ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ಸರ್ಕಾರದ್ದು. ಅಲ್ಲಿ ಯಾರು ಬೇಕಾದರೂ ಹಾದುಹೋಗಬಹುದು. ನಕಾಶೆಯಲ್ಲಿಲ್ಲದ, ಒಬ್ಬರ ಹಿಡುವಳಿಯೊಳಗೆ ಹಾದುಹೋಗುವ ದಾರಿಯ ಲೆಕ್ಕ ಬೇರೆ. 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆ ಪ್ರಕಾರ 20 ವರ್ಷ ಅಡೆತಡೆ ಇಲ್ಲದೆ, ಹಕ್ಕೆಂಬಂತೆ ಓಡಾಡಿದ ಪಕ್ಕದ ಜಮೀನಿನವರಿಗೆ ಅಲ್ಲಿ ದಾರಿಹಕ್ಕು ಬರುತ್ತದೆ. ಬೆಟ್ಟ ನೋಡಲು ಬಂದವರಿಗೆ ಬರುವುದಿಲ್ಲ. ಒಂದು ಬಗೆಯ ದಾರಿಹಕ್ಕಿನಲ್ಲಿ ಇನ್ನೊಂದು ಬಗೆಯದು ಸೇರುವುದಿಲ್ಲ ಎಂದೂ ಅದೇ ಕಾಯ್ದೆಯ 28ನೇ ಕಲಮು ಹೇಳುತ್ತದೆ. ಅಂದರೆ ನಡೆದು ಹೋಗುವ ಹಕ್ಕು ಇರುವವರಿಗೇ ಬಂಡಿ ಹೊಡೆಯುವ ಹಕ್ಕು ತಾನಾಗಿ ಬರುವುದಿಲ್ಲ. ಹೊರಗಿನವರು ಅಲ್ಲಿ ಹೋಗುವುದು ಜಮೀನಿನವರ ಒಪ್ಪಿಗೆಯ ಮೇಲೆ, ಆ ಒಪ್ಪಿಗೆಯನ್ನು ಅವರು ಹಿಂತೆಗೆದುಕೊಳ್ಳಲೂಬಹುದು. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯ್ದೆ ಖಾಸಗಿ ಎಸ್ಟೇಟುಗಳ ಬೆಟ್ಟಗುಡ್ಡಗಳಲ್ಲೂ ಓಡಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಆ ಹಕ್ಕು ಕಾಲ್ನಡಿಗೆಗೆ, ಸೈಕಲ್ಲಿಗೆ, ಕುದುರೆಗೆ ಇದೆ, ಕಾರಿಗೆ ಇಲ್ಲ. ಅಷ್ಟು ಉದಾರವಾದ ಕಾನೂನೂ ಮೋಟಾರು ಗಾಡಿಯನ್ನು ಹೊರಗಿಟ್ಟಿರುವುದನ್ನು ಗಮನಿಸಬೇಕು.

ಇನ್ನು ಕಾಲ ನೋಡಿ. ಹುಣಸೂರು, ಪಿರಿಯಾಪಟ್ಟಣ ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. ಮಳೆಗಾಲದಲ್ಲಿ ಸೊಪ್ಪು ಮುರಿಯುವುದು ಶುರುವಾದರೆ ಹೊಲದಿಂದ ಸೊಪ್ಪು ಒಣಗಿಸುವ ಬ್ಯಾರನ್‌ವರೆಗೆ ಟ್ರ್ಯಾಕ್ಟರ್ ಓಡಾಟ ನಿಲ್ಲುವುದೇ ಇಲ್ಲ. ಮುರಿದ ಸೊಪ್ಪು ಬಿಸಿಲಿಗೆ ಬಾಡುವ ಮೊದಲು ಬ್ಯಾರನ್ ಸೇರಬೇಕು, ಹದ ಮಾಡಲು ಹಗಲೂ ರಾತ್ರಿಯೂ ಬೆಂಕಿ ಉರಿಯಬೇಕು, ಅದಕ್ಕೆ ಸೌದೆ ಲಾರಿ ಬರಬೇಕು. ಆ ಹೊತ್ತಿನಲ್ಲಿ ದಾರಿಗೆ ಅಡ್ಡ ನಿಂತ ಒಂದು ಕಾರು ಒಂದು ದಿನದ ಕೂಲಿ, ಒಂದು ಬ್ಯಾರನ್ ಸೊಪ್ಪು ಎರಡನ್ನೂ ಕೆಡಿಸಬಲ್ಲದು. ಕೆ.ಆರ್. ನಗರದ ಗದ್ದೆ ಬಯಲಿನಲ್ಲಿ ಭತ್ತದ ಕೊಯ್ಲಿಗೆ ಬರುವ ಯಂತ್ರ ಕಾರಿಗಿಂತ ಅಗಲವಾಗಿರುತ್ತದೆ. ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನು ದಾರಿಯಲ್ಲೇ ಹರಡಿರುತ್ತಾರೆ. ಹುರುಳಿ ಬಳ್ಳಿ ಕಾರಿನ ಅಡಿಯಲ್ಲಿ ತಿರುಗುವ ಭಾಗಗಳಿಗೆ ಸುತ್ತಿಕೊಂಡರೆ ಉಜ್ಜಿ ಉಜ್ಜಿ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹೀಗೆ ಕಾರುಗಳು ಸುಟ್ಟುಹೋದ ಸುದ್ದಿ ರಾಜ್ಯದಲ್ಲಿ ಮತ್ತೆ ಮತ್ತೆ ಬರುತ್ತಿರುತ್ತದೆ. ಅಂಥ ದಾರಿ ಕಂಡರೆ ಹಿಂದಕ್ಕೆ ತಿರುಗಿಸಿ. ದಾಟಿಯೇ ಬಿಟ್ಟಿದ್ದರೆ ಕೂಡಲೇ ನಿಲ್ಲಿಸಿ ಬಗ್ಗಿ ನೋಡಿ, ಸಿಕ್ಕಿಕೊಂಡ ಬಳ್ಳಿ ಕಿತ್ತು ಮುಂದೆ ಹೋಗಿ.

ಆಮೇಲೆ ಕೇಳುವುದು. ದಾರಿಯಲ್ಲಿ ಸಿಕ್ಕ ಯಾರನ್ನೋ ಕೇಳಿದರೆ ಸಾಲದು, ಆ ಹೊಲವನ್ನು ಈಗ ಉಳುತ್ತಿರುವವರನ್ನು ಕೇಳಬೇಕು. ಶುಂಠಿ ಬೆಳೆಯುವ ಎಷ್ಟೋ ಜಮೀನು ಗುತ್ತಿಗೆಯಲ್ಲಿದೆ. ಪಹಣಿಯಲ್ಲಿ ಹೆಸರಿರುವವರು ಊರಲ್ಲೇ ಇರದಿರಬಹುದು. ‘ಅಣ್ಣಾ, ಇಲ್ಲಿ ಗಾಡಿ ನಿಲ್ಲಿಸ್ಬೋದಾ?’ ಎಂದರೆ ದಾಕ್ಷಿಣ್ಯಕ್ಕಾದರೂ ‘ನಿಲ್ಸಿ ಸಾರ್, ಅದಕ್ಕೇನಂತೆ’ ಎಂಬ ಉತ್ತರವೇ ಬರುತ್ತದೆ. ಅದರ ಬದಲು ‘ಸಂಜೆ ಒಳಗೆ ಈ ಕಡೆ ಟ್ರ್ಯಾಕ್ಟರ್ ಬರುತ್ತಾ ಅಣ್ಣಾ? ಎಲ್ಲಿ ತಿರುಗಿಸ್ತಾರೆ?’ ಎಂದು ಕೇಳಿ. ಆಗ ಕೆಲಸದ ಮಾತು ಹೊರಬರುತ್ತದೆ, ನಿಲ್ಲಿಸಬೇಕಾದ ಜಾಗವನ್ನು ಅವರೇ ಕೈಮಾಡಿ ತೋರಿಸುತ್ತಾರೆ. ಬೀಳುಬಿಟ್ಟ ಹೊಲದಲ್ಲಿ ನಿಲ್ಲಿಸಿಕೊಂಡು ಹಣ ಕೇಳಿದರೆ ಚೌಕಾಸಿ ಮಾಡದೆ ಕೊಡಿ. ಪೇಟೆಯಲ್ಲಿ ಪಾರ್ಕಿಂಗಿಗೆ ಕೊಡುವವರಿಗೆ ರೈತನ ನೆಲಕ್ಕೆ ಕೊಡುವುದು ಭಾರವಾಗಬಾರದು.

ನಿಲ್ಲಿಸುವಾಗ ಬಿಡಬೇಕಾದ ಜಾಗಗಳು ನೆನಪಿರಲಿ: ಹೊಲಕ್ಕೆ ಇಳಿಯುವ ಬಾಯಿ, ದಾರಿ ತಿರುಗುವ ಮೂಲೆ, ಪಂಪ್‌ಸೆಟ್ ಮತ್ತು ಟ್ರಾನ್ಸ್‌ಫಾರ್ಮರ್ ಪಕ್ಕ, ಬ್ಯಾರನ್ ಮುಂದೆ, ಕಾಲುವೆ ಏರಿ. ಮರದ ನೆರಳಲ್ಲಿ ಸಪಾಟಾಗಿ, ಸಗಣಿ ಸಾರಿಸಿ ಗಟ್ಟಿಯಾಗಿರುವ ನೆಲ ಕಂಡರೆ ಅದು ಕಣ. ಒಂದು ತೊಟ್ಟು ಎಂಜಿನ್ ಎಣ್ಣೆ ಬಿದ್ದರೂ ಅಲ್ಲಿ ಒಕ್ಕುವ ಕಾಳು ಕೆಡುತ್ತದೆ. ಒಣಹುಲ್ಲಿನ ಮೇಲೆ ಬಿಸಿ ಸೈಲೆನ್ಸರ್ ನಿಲ್ಲಕೂಡದು. ಗಾಡಿಯ ಮೂತಿ ರಸ್ತೆ ಕಡೆಗಿರಲಿ, ಮೊಬೈಲ್ ನಂಬರ್ ಬರೆದ ಚೀಟಿ ಮುಂದಿನ ಗಾಜಿನೊಳಗೆ ಕಾಣುವಂತಿರಲಿ. ಆದರೆ ಬೆಟ್ಟದ ಮೇಲೆ ಸಿಗ್ನಲ್ ಸಿಗದಿದ್ದರೆ ಆ ಚೀಟಿಯಿಂದ ಯಾವ ಪ್ರಯೋಜನವೂ ಇಲ್ಲ. ಆದ್ದರಿಂದ ಚೀಟಿಯನ್ನು ನಂಬಿ ದಾರಿಗೆ ಅಡ್ಡ ನಿಲ್ಲಿಸಬೇಡಿ.

ನಕಾಶೆ ದಾರಿಯನ್ನೇ ಉತ್ತು ಬೇಲಿ ಹಾಕಿಕೊಂಡವರೂ ಇದ್ದಾರಲ್ಲ, ಅವರಿಗೂ ಈ ಮರ್ಯಾದೆಯೇ ಎಂದು ಕೇಳಬಹುದು. ನಿಜ, ಒತ್ತುವರಿ ಇದೆ, ಅದರಿಂದ ಮೊದಲು ಕಷ್ಟಪಡುವವರು ಪಕ್ಕದ ಹೊಲದ ರೈತರೇ. ಅದನ್ನು ತೆರವು ಮಾಡಿಸಬೇಕಾದವರು ತಹಶೀಲ್ದಾರರು. ಒಂದು ದಿನಕ್ಕೆ ಬಂದವರು ಬೇಲಿ ದಾಟಿಸಿ ಕಾರು ನುಗ್ಗಿಸಿದರೆ ಜಗಳ ಊರಿನವರ ತಲೆಗೆ ಬರುತ್ತದೆ, ದಾರಿ ಮಾತ್ರ ತೆರೆಯುವುದಿಲ್ಲ. ವಯಸ್ಸಾದವರು, ಕಾಲುನೋವಿನವರು ಏನು ಮಾಡಬೇಕು ಎಂಬ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ಅದಕ್ಕೆ ಉತ್ತರ ಹಾದುಹೋಗುವುದಕ್ಕೂ ನಿಲ್ಲಿಸುವುದಕ್ಕೂ ಇರುವ ವ್ಯತ್ಯಾಸದಲ್ಲೇ ಸಿಗುತ್ತದೆ: ಕೇಳಿಕೊಂಡು ಒಳಗೆ ಹೋಗಿ, ಅವರನ್ನು ಇಳಿಸಿ, ಗಾಡಿಯನ್ನು ಡಾಂಬರು ರಸ್ತೆಗೆ ವಾಪಸ್ ತನ್ನಿ. ಉಳಿದವರು ನಡೆಯಲಿ. ಸಿಡಿಲು ಮಲ್ಲಿಕಾರ್ಜುನನ ದರ್ಶನಕ್ಕೆ ಸಾವಿರಾರು ಮೆಟ್ಟಿಲು ಹತ್ತಲು ಬಂದವರಿಗೆ ಬುಡದ ಅರ್ಧ ಕಿಲೋಮೀಟರ್ ಹೆಚ್ಚಾಗುವುದಿಲ್ಲ.

ಎಚ್.ಡಿ. ಕೋಟೆ, ಹುಣಸೂರಿನ ಕಾಡಂಚಿನಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಅಲ್ಲಿ ಹೊಲಕ್ಕೆ ಸೋಲಾರ್ ಬೇಲಿ ಇರುತ್ತದೆ. ಗೇಟು ಹೇಗಿತ್ತೋ ಹಾಗೆಯೇ ಬಿಟ್ಟು ಹೋಗಿ. ಮುಚ್ಚಿದ್ದನ್ನು ತೆರೆದಿಟ್ಟರೆ ಆ ರಾತ್ರಿ ಆನೆ ಒಳಗೆ ಬರಬಹುದು. ನಾಗರಹೊಳೆಯೊಳಗಿನ ಹಲವು ರಸ್ತೆಗಳು ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್, ಹಗಲಲ್ಲೂ ನಡುವೆ ನಿಲ್ಲಿಸುವಂತಿಲ್ಲ. ಆ ಕಾಡಿನೊಳಗೆ ಕವಲುದಾರಿ ಹಿಡಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವಾಗುತ್ತದೆ. ಅಲ್ಲಿ ರೈತನ ಒಪ್ಪಿಗೆ ಲೆಕ್ಕಕ್ಕೆ ಬರುವುದಿಲ್ಲ.

ಇಷ್ಟಾದರೂ ಬೇಸಿಗೆಯಲ್ಲಿ ಹಿನ್ನೀರು ಇಳಿದ ನೆಲದಲ್ಲಿ, ಮಳೆ ಬಿದ್ದ ಕೆಮ್ಮಣ್ಣಿನಲ್ಲಿ ಚಕ್ರ ಹೂತುಹೋಗಬಹುದು. ಹಿನ್ನೀರಿನ ನೆಲ ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಒಳಗೆ ಕೆಸರೇ. ಆಗ ಆಕ್ಸಿಲರೇಟರ್ ಒತ್ತುತ್ತಾ ಹೋದರೆ ಗುಂಡಿ ದೊಡ್ಡದಾಗುತ್ತದೆ ಅಷ್ಟೆ. ಎಂಜಿನ್ ಆರಿಸಿ, ಊರಿಗೆ ನಡೆದು ಹೋಗಿ ಟ್ರ್ಯಾಕ್ಟರ್ ಕರೆಸಿ, ಬಾಡಿಗೆಯನ್ನು ಮೊದಲೇ ಮಾತಾಡಿಕೊಳ್ಳಿ. ಕಾರು ಮೇಲೆ ಬಂದ ಮೇಲೆ ಸಲಿಕೆ ಕೇಳಿ ಪಡೆದು ಚಕ್ರ ಕೊರೆದ ಗುಂಡಿ ಮುಚ್ಚಿ. ಮುಂದಿನ ಮಳೆಯಲ್ಲಿ ನೀರು ಹರಿಯುವುದು ಆ ಗುಂಡಿ ಹಿಡಿದೇ, ಕೊಚ್ಚಿ ಹೋಗುವುದು ಹೊಲದ ಮೇಲ್ಮಣ್ಣು.