ಎಲೆ ಹಸಿರಿದ್ದರೂ ಹೂವೇಕಿಲ್ಲ? ಮನೆಯೊಳಗಿನ ಆರ್ಕಿಡ್ ಕಲಿಸಿದ ಪಾಠ

ನಮ್ಮ ಮನೆಯಲ್ಲಿ ಕುಂಡದ ಆರ್ಕಿಡ್ ಒಂದಿದೆ. ತಂದಾಗ ಮೈತುಂಬ ಹೂವಿತ್ತು. ಹೂ ಉದುರಿದ ಮೇಲೆ ಎರಡು ವರ್ಷ ಬರೀ ಎಲೆ. “ಸುಮ್ಮನೆ ಜಾಗ ಹಿಡಿದಿದೆ, ತೆಗೆದುಬಿಡು” ಎಂದರು ಉಮ್ಮ. ಗೊಬ್ಬರ ಸಾಲದೇನೋ ಎಂದು ನಾನು ಇನ್ನಷ್ಟು ಹಾಕಿದೆ. ಎಲೆ ದಟ್ಟ ಹಸಿರಾಯಿತು, ಮೊಗ್ಗು ಮಾತ್ರ ಬರಲಿಲ್ಲ. ಗಿಡದ ಸ್ವಭಾವ ತಿಳಿಯದೆ ಆರೈಕೆ ಮಾಡಿದ್ದೇ ನನ್ನ ತಪ್ಪು.

ಮಣ್ಣು ಬೇಡದ ಗಿಡ

ಮನೆಗಳಲ್ಲಿ ಹೆಚ್ಚಾಗಿ ಬೆಳೆಸುವ ಆರ್ಕಿಡ್ ಫೆಲನಾಪ್ಸಿಸ್. ಇದು ಎಪಿಫೈಟ್. ಮರವನ್ನು ಆಸರೆಗಷ್ಟೇ ಹಿಡಿಯುತ್ತದೆ, ಅದರ ಆಹಾರ ಕದಿಯುವುದಿಲ್ಲ. ಬೇರಿನ ಮೇಲಿರುವ ವೆಲಮೆನ್ ಎಂಬ ಸ್ಪಂಜಿನಂಥ ಪದರ ನೀರನ್ನು ಬೇಗನೆ ಹೀರಿಕೊಳ್ಳುತ್ತದೆ. ಬೇರಿಗೆ ಗಾಳಿಯೂ ಬೇಕು. ಆದ್ದರಿಂದ ಮಣ್ಣಿನ ಬದಲು ಇದ್ದಿಲು, ತೆಂಗಿನ ಸಿಪ್ಪೆಯ ತುಂಡು, ಮರದ ತೊಗಟೆ ಬಳಸುತ್ತಾರೆ. ಬೇರು ಬೆಳ್ಳಿಬಣ್ಣಕ್ಕೆ ತಿರುಗಿದರೆ ನೀರು ಕೊಡಿ, ಹಸಿರಾಗಿದ್ದರೆ ಕಾಯಿರಿ. ಕುಂಡದ ತಳದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ.

ಬೆಳಕಿನ ಲೆಕ್ಕ

ಹೂ ಬಿಡಲು ಗಿಡದಲ್ಲಿ ಆಹಾರದ ಸಂಗ್ರಹವಿರಬೇಕು. ಅದಕ್ಕೆ ಬೆಳಕು ಬೇಕು, ಆದರೆ ನಡು ಮಧ್ಯಾಹ್ನದ ನೇರ ಬಿಸಿಲು ಎಲೆಯನ್ನು ಸುಡುತ್ತದೆ. ಎಲೆಯಿಂದ ಒಂದು ಅಡಿ ಮೇಲೆ ಕೈ ಹಿಡಿದು ನೋಡಿ. ಅಂಚು ಮಸುಕಾದ ನೆರಳು ಬಿದ್ದರೆ ಬೆಳಕು ಸರಿಯಾಗಿದೆ. ನೆರಳೇ ಕಾಣದಿದ್ದರೆ ಸಾಲದು. ನಮ್ಮ ಗಿಡದ ದಟ್ಟ ಹಸಿರು ಆರೋಗ್ಯದ ಗುರುತೆಂದು ನಾನು ತಿಳಿದಿದ್ದೆ. ಅದು ಬೆಳಕಿನ ಕೊರತೆಯ ಗುರುತೂ ಆಗಿತ್ತು.

ತಂಪಿನ ಸಂದೇಶ

ಮುಖ್ಯ ವಿಷಯ ಇದು. ತಾಪಮಾನ ಸದಾ 28 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿದ್ದರೆ ಫೆಲನಾಪ್ಸಿಸ್ ಎಲೆ ಬಿಡುತ್ತದೆಯೇ ಹೊರತು ಹೂದಂಡು ಬಿಡುವುದಿಲ್ಲ. ಕೆಲವು ವಾರ ತಾಪಮಾನ 25 ಡಿಗ್ರಿಗಿಂತ ಕೆಳಗೆ ಇಳಿದಾಗ, ಎಲೆಯ ಬುಡದಲ್ಲಿ ಮಲಗಿದ್ದ ಮೊಗ್ಗು ಎಚ್ಚರಗೊಳ್ಳುತ್ತದೆ. ಕರಾವಳಿಯ ನಮಗೆ ಇಂಥ ತಂಪು ಸಿಗುವುದು ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ. ಆಗ ಗಿಡವನ್ನು ಅಡುಗೆಮನೆಯ ಬಿಸಿಯಿಂದ ದೂರವಿಟ್ಟು, ತೆರೆದ ಕಿಟಕಿಯ ಬಳಿ ಇಡಬೇಕು. ಸಾರಜನಕ ಹೆಚ್ಚಿರುವ ಗೊಬ್ಬರ ಈ ತಂಪಿನ ಕೆಲಸ ಮಾಡಲಾರದು.

ಹೊರಬಂದದ್ದು ಬೇರೋ ದಂಡೋ ಎಂಬ ಗೊಂದಲ ಸಹಜ. ಬೇರಿನ ತುದಿ ದುಂಡಗೆ, ನುಣುಪಾಗಿರುತ್ತದೆ. ಹೂದಂಡಿನ ತುದಿ ಚಪ್ಪಟೆಯಾಗಿ ಮೇಲ್ಮುಖವಾಗಿ ಏರುತ್ತದೆ. ದಂಡು ಕಂಡಮೇಲೆ ಹೂ ಅರಳಲು ಎರಡು ಮೂರು ತಿಂಗಳು ಬೇಕು. ಆ ಅವಧಿಯಲ್ಲಿ ಕುಂಡವನ್ನು ಪದೇಪದೇ ತಿರುಗಿಸಬೇಡಿ.

ಕಾಡಿನಿಂದ ತರಬೇಡಿ

ಮುಂಗಾರಿನ ಹೊತ್ತಿಗೆ ಮಲೆನಾಡಿನ ಮರಗಳಲ್ಲಿ ತೂಗುವ ಸೀತಾಳೆ ದಂಡೆಯೂ ಆರ್ಕಿಡ್ಡೇ. ಅದನ್ನು ಕಿತ್ತು ತರುವ ಆಸೆ ಬೇಡ. ಆರ್ಕಿಡ್ ಬೀಜದಲ್ಲಿ ಆಹಾರದ ಸಂಗ್ರಹವಿಲ್ಲ. ಕಾಡಿನಲ್ಲಿ ಸರಿಯಾದ ಶಿಲೀಂಧ್ರದ ನೆರವು ದೊರೆತರೆ ಮಾತ್ರ ಅದು ಮೊಳೆತು ಬೆಳೆಯುತ್ತದೆ. ಹೀಗಾಗಿ ಕಿತ್ತ ಗಿಡದ ಜಾಗ ಸುಲಭವಾಗಿ ತುಂಬುವುದಿಲ್ಲ. ನರ್ಸರಿಯಲ್ಲಿ ಬೆಳೆಸಿದ ಗಿಡವನ್ನೇ ಕೊಳ್ಳಿ.

ಕಳೆದ ಡಿಸೆಂಬರಿನಲ್ಲಿ ನಾನು ಗೊಬ್ಬರ ನಿಲ್ಲಿಸಿ, ಗಿಡವನ್ನು ಪೂರ್ವದ ಕಿಟಕಿಗೆ ಸಾಗಿಸಿದೆ. ಜನವರಿ ಕೊನೆಗೆ ದಂಡು ಕಂಡಿತು. ಪರೀಕ್ಷೆ ಮುಗಿಯುವ ಹೊತ್ತಿಗೆ ಐದು ಹೂ ಅರಳಿದವು. ಈಗ ಆ ಕುಂಡಕ್ಕೆ ನೀರು ಹಾಕುವವರು ಉಮ್ಮ. ನನಗೂ ಮುಟ್ಟಲು ಬಿಡುವುದಿಲ್ಲ.

ಯೋಚಿಸಿ: ಆರ್ಕಿಡ್ ಅನ್ನು ಪರಾವಲಂಬಿ ಎನ್ನುವುದು ಏಕೆ ತಪ್ಪು? ನಿಮ್ಮ ಮನೆಯಲ್ಲಿ ರಾತ್ರಿ ಅತಿ ತಂಪಾಗಿರುವ ಕಿಟಕಿ ಯಾವುದು? ಒಂದು ವಾರ ತಾಪಮಾನ ಅಳೆದು ಬರೆದಿಡಿ.