ಮೀನಿನ ತೊಟ್ಟಿಗೆ ಯಾವ ನಲ್ಲಿಯ ನೀರು?

ತೊಟ್ಟಿ ತೊಳೆದು ಹೊಸ ನೀರು ತುಂಬಿಸಿದ ಮರುದಿನವೇ ಮೀನು ಸತ್ತರೆ ಹೆಚ್ಚಿನವರು ದೂರುವುದು ಮೀನು ಮಾರಿದ ಅಂಗಡಿಯವರನ್ನು. ಆದರೆ ಕಾರಣ ಬಹಳ ಸಲ ನಮ್ಮ ಮನೆಯ ನಲ್ಲಿಯಲ್ಲೇ ಇರುತ್ತದೆ. ನಾವು ಧೈರ್ಯವಾಗಿ ಕುಡಿಯುವ ನೀರು ಮೀನಿಗೂ ಒಗ್ಗಬೇಕೆಂದೇನಿಲ್ಲ. ನಾವು ನೀರು ಕುಡಿಯುತ್ತೇವೆ, ಮೀನು ಅದರಲ್ಲೇ ಉಸಿರಾಡುತ್ತದೆ. ನೀರಿನಲ್ಲಿರುವ ಕ್ಲೋರಿನ್ ಆಗಲಿ, ತಾಮ್ರವಾಗಲಿ ನೇರವಾಗಿ ಅದರ ಕಿವಿರಿಗೆ ತಾಗುತ್ತದೆ.

ಬೆಂಗಳೂರಿನಂಥ ಊರಿನಲ್ಲಿ ಒಂದೇ ಮನೆಗೆ ಮೂರು ನಾಲ್ಕು ಬಗೆಯ ನೀರು ಬರುತ್ತದೆ: ಕಾವೇರಿ, ಬೋರ್‌ವೆಲ್, ಟ್ಯಾಂಕರ್, ಜೊತೆಗೆ ಅಡುಗೆಮನೆಯ ಆರ್‌ಒ ಯಂತ್ರದ ನೀರು. ಇವುಗಳಲ್ಲಿ ಯಾವುದು ಶ್ರೇಷ್ಠ ಎಂದು ತಲೆಕೆಡಿಸಿಕೊಳ್ಳುವುದಕ್ಕಿಂತ, ಯಾವ ನಲ್ಲಿಯ ನೀರಿನ ಗುಣ ವಾರದಿಂದ ವಾರಕ್ಕೆ ಬದಲಾಗುವುದಿಲ್ಲ ಎಂದು ನೋಡುವುದು ಮೇಲು. ಮೀನು ಸ್ವಲ್ಪ ಗಡಸು ನೀರಿಗೂ ಹೊಂದಿಕೊಳ್ಳುತ್ತದೆ, ಸ್ವಲ್ಪ ಮೆದು ನೀರಿಗೂ ಹೊಂದಿಕೊಳ್ಳುತ್ತದೆ. ಅದು ತಡೆಯಲಾರದ್ದು ದಿಢೀರ್ ಬದಲಾವಣೆಯನ್ನು.

ಹಂತ 1: ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿದುಕೊಳ್ಳಿ

ಸ್ವಂತ ಮನೆಯಾದರೆ ಯಾವ ನಲ್ಲಿಗೆ ನೇರವಾಗಿ ಕಾರ್ಪೊರೇಷನ್ ನೀರು ಬರುತ್ತದೆ, ಯಾವುದಕ್ಕೆ ಮೇಲಿನ ಟ್ಯಾಂಕಿನಿಂದ ಬರುತ್ತದೆ ಎಂದು ಗುರುತಿಸಿ. ಅಪಾರ್ಟ್‌ಮೆಂಟ್ ಆದರೆ ಪ್ಲಂಬರ್ ಅಥವಾ ಮೋಟಾರ್ ಹಾಕುವವರನ್ನು ಕೇಳಿ. ಸಂಪಿಗೆ ಏನೇನು ಬೀಳುತ್ತದೆ, ಟ್ಯಾಂಕರ್ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬ್ಲೀಚಿಂಗ್ ಪೌಡರ್ ಹಾಕುತ್ತಾರೆಯೇ ಎಂಬುದೆಲ್ಲ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡು, ಕ್ಲೋರಿನ್ ಬೆರೆತು ಬರುತ್ತದೆ. ಸಾಮಾನ್ಯವಾಗಿ ಬೋರ್‌ವೆಲ್ ನೀರಿಗಿಂತ ಮೆದು. ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ, ಆದರೆ ಸುಣ್ಣದ ಅಂಶ, ಕಬ್ಬಿಣ, ನೈಟ್ರೇಟ್ ಹೆಚ್ಚಿರಬಹುದು. ಟ್ಯಾಂಕರ್ ನೀರಿನ ಮೂಲ ಪ್ರತಿ ಸಲವೂ ಬೇರೆಯಾಗಬಹುದು, ಹಾಗಾಗಿ ಅದನ್ನು ನಂಬಿ ತೊಟ್ಟಿ ನಡೆಸುವುದು ಕಷ್ಟ. ಕರಾವಳಿಯ ಜಂಬಿಟ್ಟಿಗೆ ನೆಲದ ಬಾವಿಗಳ ನೀರು ಹೆಚ್ಚಾಗಿ ಮೆದು, ಕೊಂಚ ಆಮ್ಲೀಯ. ಅಂಥ ನೀರು ಲೋಹದ ಪೈಪುಗಳಿಂದ ತಾಮ್ರ, ಸತುವನ್ನು ಬೇಗ ಕರಗಿಸಿಕೊಳ್ಳುತ್ತದೆ.

ಹಂತ 2: ಈ ನಲ್ಲಿಗಳನ್ನು ಬಿಟ್ಟುಬಿಡಿ

ಗೀಸರ್ ಮತ್ತು ಸೋಲಾರ್ ನಲ್ಲಿ: ಬಿಸಿನೀರು ಲೋಹವನ್ನು ತಣ್ಣೀರಿಗಿಂತ ಹೆಚ್ಚು ಕರಗಿಸುತ್ತದೆ. ಗೀಸರಿನೊಳಗೆ ತಾಮ್ರದ ಭಾಗಗಳಿರುವುದು ಸಾಮಾನ್ಯ. ಸಿಗಡಿ, ಬಸವನಹುಳು ಸಾಕುವವರು ತಾಮ್ರದ ವಿಷಯದಲ್ಲಿ ಇನ್ನೂ ಎಚ್ಚರವಾಗಿರಬೇಕು. ಚಳಿಗಾಲದಲ್ಲಿ ನೀರು ಬೆಚ್ಚಗಾಗಬೇಕಿದ್ದರೆ ತಣ್ಣೀರನ್ನೇ ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿ ಬೆರೆಸಿ.

ಸಾಫ್ಟ್‌ನರ್ ಹಾದು ಬಂದ ನಲ್ಲಿ: ಈ ಯಂತ್ರ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಸೇರಿಸುತ್ತದೆ. ಸೋಪು ಚೆನ್ನಾಗಿ ನೊರೆ ಕೊಡುತ್ತದೆ, ನಿಜ. ಆದರೆ ನೀರಿನಲ್ಲಿ ಕರಗಿದ ಒಟ್ಟು ಲವಣ ಕಡಿಮೆಯಾಗಿರುವುದಿಲ್ಲ.

ಆರ್‌ಒ ಯಂತ್ರ ಹೊರಗೆ ಬಿಡುವ ನೀರು: ವ್ಯರ್ಥವಾಗುತ್ತದಲ್ಲ ಎಂದು ಇದನ್ನು ತೊಟ್ಟಿಗೆ ಸುರಿಯಬೇಡಿ. ಲವಣವೆಲ್ಲ ಸೇರಿಕೊಂಡಿರುವುದು ಅದರಲ್ಲೇ. ಮನೆ ಒರೆಸಲು ಬಳಸಿ.

ಹೊಸದಾಗಿ ಕೂರಿಸಿದ ಹಿತ್ತಾಳೆ ನಲ್ಲಿ, ಅಪರೂಪಕ್ಕೆ ತೆರೆಯುವ ತೋಟದ ನಲ್ಲಿ: ಪೈಪಿನಲ್ಲಿ ನಿಂತ ನೀರಿಗೆ ಲೋಹ ಇಳಿದಿರುತ್ತದೆ.

ಇವೆಲ್ಲ ಬಿಟ್ಟರೆ ಉಳಿಯುವುದು ದಿನವೂ ಬಳಕೆಯಲ್ಲಿರುವ ತಣ್ಣೀರಿನ ನಲ್ಲಿ. ಬಹುತೇಕ ಮನೆಗಳಲ್ಲಿ ಅದು ಅಡುಗೆಮನೆಯದು. ಅದನ್ನೂ ಬೆಳಿಗ್ಗೆ ತೆರೆದ ಕೂಡಲೇ ಹಿಡಿಯಬೇಡಿ. ಒಂದೆರಡು ನಿಮಿಷದ ನೀರನ್ನು ಪಾತ್ರೆ ತೊಳೆಯಲು ಹಿಡಿದಿಟ್ಟುಕೊಂಡು ಆಮೇಲೆ ಬಕೆಟ್ ಇಡಿ. ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ಕಾದಿರುತ್ತದೆ, ಆ ಹೊತ್ತೂ ಬೇಡ.

ಹಂತ 3: ಆರಿಸಿದ ನೀರನ್ನು ಪರೀಕ್ಷಿಸಿ

ಕಣ್ಣಿಗೆ ಕಾಣುವುದರಿಂದಲೇ ಶುರುಮಾಡಿ. ನಲ್ಲಿಯ ಮೂತಿಯಲ್ಲಿ ಬಿಳಿ ಹೆಪ್ಪು ಕಟ್ಟಿದೆಯೇ? ಹಾಗಿದ್ದರೆ ನೀರು ಗಡಸು. ಬಾಟಲಿಗೆ ಅರ್ಧ ನೀರು ಹಾಕಿ, ಸೋಪಿನ ಸಣ್ಣ ಚೂರು ಬಿಟ್ಟು ಕುಲುಕಿ. ಮೆದು ನೀರಿನಲ್ಲಿ ನೊರೆ ಎದ್ದು ನಿಲ್ಲುತ್ತದೆ, ಗಡಸು ನೀರಿನಲ್ಲಿ ನೊರೆ ಇಲ್ಲದೆ ಹಾಲಿನಂತೆ ಬೂದುಬಿಳಿ ಕೆನೆ ತೇಲುತ್ತದೆ. ಇದಕ್ಕೆ ಬಟ್ಟೆ ಒಗೆಯುವ ಪುಡಿ ಬೇಡ, ಅದು ಗಡಸು ನೀರಿನಲ್ಲೂ ನೊರೆ ಕೊಡುತ್ತದೆ. ಬೋರ್‌ವೆಲ್ ನೀರನ್ನು ಬಿಳಿ ಬಕೆಟ್ಟಿನಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ತಳದಲ್ಲಿ ಕೆಂಪು ಮಡ್ಡಿ ಕಂಡರೆ ಕಬ್ಬಿಣವಿದೆ ಎಂದರ್ಥ.

ಅನಂತರ ಟಿಡಿಎಸ್ (ಕರಗಿದ ಒಟ್ಟು ಲವಣ) ಅಳೆಯುವ ಮೀಟರ್, ಪಿಎಚ್ ಮತ್ತು ಗಡಸುತನದ ಕಿಟ್ ತಂದುಕೊಳ್ಳಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಪಿಎಚ್ 6.5ರಿಂದ 8.5ರೊಳಗೆ ಇರಬೇಕು. ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ, ಗಡಸುತನ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ಮೂಲವಿಲ್ಲದಾಗ ಟಿಡಿಎಸ್ 2000, ಗಡಸುತನ 600ರವರೆಗೂ ಅದು ಒಪ್ಪುತ್ತದೆ. ಮೀನಿನ ತೊಟ್ಟಿಗೆ ಮೊದಲಿನ ಮಿತಿಯನ್ನೇ ಹಿಡಿಯಿರಿ. ಬೋರ್‌ವೆಲ್ ನೀರಿನ ಪಿಎಚ್ ಅನ್ನು ಹಿಡಿದ ಕೂಡಲೇ ಅಳೆಯಬೇಡಿ. ಅದರಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಹಾರಿಹೋದ ಮೇಲೆ ಪಿಎಚ್ ಏರುತ್ತದೆ. ಒಂದು ರಾತ್ರಿ ಗಾಳಿ ಆಡಿಸಿ ಅಳೆದದ್ದೇ ನಿಜವಾದ ಅಂಕಿ.

ಹಂತ 4: ನೀರಿಗೆ ತಕ್ಕ ಮೀನು ತನ್ನಿ

ನೀರನ್ನು ತಿದ್ದುವುದಕ್ಕಿಂತ ಅದಕ್ಕೆ ಹೊಂದುವ ಮೀನು ಆರಿಸುವುದು ಸುಲಭ. ಗಡಸು ನೀರಿಗೆ ಗಪ್ಪಿ, ಮೋಲಿ, ಪ್ಲಾಟಿ ಒಳ್ಳೆಯವು. ಮೆದು ನೀರಿಗೆ ನಿಯಾನ್ ಟೆಟ್ರಾ ಸೊಗಸು. ಗೋಲ್ಡ್‌ಫಿಶ್ ಎರಡಕ್ಕೂ ಹೊಂದಿಕೊಳ್ಳುತ್ತದೆ. ಬೋರ್‌ವೆಲ್ ನೀರು ಅತಿ ಗಡಸಾಗಿದ್ದರೆ ಆರ್‌ಒ ನೀರು ಬೆರೆಸಬಹುದು. ಆದರೆ ಪ್ರತಿ ಸಲ ಅದೇ ಪ್ರಮಾಣ ಇರಲಿ. ಬರೀ ಆರ್‌ಒ ನೀರು ಬೇಡ. ಲವಣವೇ ಇಲ್ಲದ ನೀರಿನ ಪಿಎಚ್ ನಿಲ್ಲುವುದಿಲ್ಲ.

ಹಂತ 5: ಕ್ಲೋರಿನ್ ತೆಗೆಯಿರಿ

ಕ್ಲೋರಿನ್ ಹಾಕಿದ ಕುಡಿಯುವ ನೀರಿನಲ್ಲಿ, ನಲ್ಲಿಗೆ ಬರುವ ಹೊತ್ತಿಗೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಎನ್ನುತ್ತದೆ ಮಾನದಂಡ. ಅದು ನಮ್ಮ ಆರೋಗ್ಯಕ್ಕಾಗಿ. ಆದರೆ ಅದರ ಹತ್ತನೇ ಒಂದು ಪಾಲು ಕೂಡ ಸೂಕ್ಷ್ಮ ಮೀನುಗಳಿಗೆ ಅಪಾಯಕಾರಿ. ಕ್ಲೋರಿನ್ ತಾಗಿದ ಮೀನು ಮೇಲೆ ಬಂದು ಬಾಯಿ ತೆರೆತೆರೆದು ಉಸಿರಿಗೆ ಒದ್ದಾಡುತ್ತದೆ. ಫಿಲ್ಟರಿನಲ್ಲಿ ಬೆಳೆದ ಉಪಕಾರಿ ಬ್ಯಾಕ್ಟೀರಿಯಾವೂ ಸಾಯುತ್ತದೆ. ಆದ್ದರಿಂದ ಫಿಲ್ಟರಿನ ಸ್ಪಂಜನ್ನು ನಲ್ಲಿಯಡಿ ಹಿಡಿಯದೆ ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಹಿಂಡಿ.

ನೀರನ್ನು ಅಗಲವಾದ ಬಕೆಟ್ಟಿನಲ್ಲಿ ಮುಚ್ಚದೆ, ಏರ್ ಪಂಪ್ ಹಾಕಿ 24 ಗಂಟೆ ಇಟ್ಟರೆ ಸಾಧಾರಣ ಪ್ರಮಾಣದ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಸೋಡಿಯಂ ಥಯೋಸಲ್ಫೇಟ್ ಹರಳು ಬಳಸಿ. 10 ಗ್ರಾಂ ಹರಳನ್ನು ನೀರಿನಲ್ಲಿ ಕರಗಿಸಿ 100 ಮಿಲಿಲೀಟರ್ ದ್ರಾವಣ ಮಾಡಿಟ್ಟುಕೊಳ್ಳಿ. ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಇರುವ 15 ಲೀಟರ್ ನೀರಿಗೆ ಇದರ 1 ಮಿಲಿಲೀಟರ್ ಸಾಕು. ನೀರನ್ನು ಹಳದಿಯಾಗಿಸುವ ಬಗೆಯ ಕ್ಲೋರಿನ್ ಪರೀಕ್ಷೆಯ ಕಿಟ್ ಇದ್ದರೆ ಒಂದು ಕೊಳವೆ ನೀರಿಗೆ ಹನಿ ಹಾಕಿ ನೋಡಿ: ಹಳದಿ ಬಣ್ಣ ಬಂದರೆ ಕ್ಲೋರಿನ್ ಇನ್ನೂ ಇದೆ. ಪರೀಕ್ಷಿಸಿದ ನೀರನ್ನು ತೊಟ್ಟಿಗೆ ಮರಳಿಸದೆ ಚೆಲ್ಲಿಬಿಡಿ.

ಹಂತ 6: ಸ್ವಲ್ಪ ಸ್ವಲ್ಪವೇ ಬದಲಿಸಿ

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ವಾರಕ್ಕೊಮ್ಮೆ ಅದರ ಕಾಲು ಭಾಗ, ಎಂದರೆ ಒಂದು ಬಕೆಟ್ ಬದಲಿಸಿದರೆ ಸಾಕು. ಹೊಸ ನೀರು ಮತ್ತು ತೊಟ್ಟಿಯ ನೀರಿನ ಉಷ್ಣಾಂಶದಲ್ಲಿ ಒಂದೆರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬೇಡ. ಬಕೆಟ್ ಸೋಪು ಕಾಣದ್ದಾಗಿರಲಿ, ತೊಟ್ಟಿಯ ಕೆಲಸಕ್ಕೇ ಮೀಸಲಾಗಿರಲಿ.

ಕಾವೇರಿ ನೀರಿನಲ್ಲಿದ್ದ ಮೀನಿಗೆ ಒಮ್ಮೆಗೇ ಗಡಸು ಬೋರ್‌ವೆಲ್ ನೀರು ತುಂಬಿಸುವುದು ಎರಡು ಬಗೆಯಲ್ಲಿ ಅಪಾಯ. ಲವಣದ ಏರಿಕೆ ಒಂದು. ಇನ್ನೊಂದು, ಪಿಎಚ್ ಏರಿದಂತೆ ತೊಟ್ಟಿಯಲ್ಲಿ ಅಷ್ಟಾಗಿ ಕಾಡದೆ ಇದ್ದ ಅಮೋನಿಯಂ ವಿಷಕಾರಿ ಅಮೋನಿಯಾ ಆಗಿ ಬದಲಾಗುತ್ತದೆ. ಮೂಲ ಬದಲಿಸಲೇಬೇಕಾದರೆ ತೊಟ್ಟಿಯ ಹತ್ತನೇ ಒಂದು ಭಾಗದಷ್ಟು ನೀರನ್ನು ದಿನ ಬಿಟ್ಟು ದಿನ ಬದಲಿಸುತ್ತ ಹೋಗಿ.

ಮರೆಯಬಾರದ ದಿನಗಳು

• ಸಂಪು ಅಥವಾ ಮೇಲಿನ ಟ್ಯಾಂಕ್ ತೊಳೆದ ವಾರ ನೀರು ಬದಲಿಸಬೇಡಿ. ಬ್ಲೀಚಿಂಗ್ ಪೌಡರ್ ಉಳಿದಿರಬಹುದು.
• ಬೇಸಿಗೆಯಲ್ಲಿ ಟ್ಯಾಂಕರ್ ಬರಲು ಶುರುವಾದರೆ ಪ್ರತಿ ಬಕೆಟ್ಟಿನ ಟಿಡಿಎಸ್ ನೋಡಿ.
• ಮಳೆಗಾಲದ ಮೊದಲ ವಾರಗಳಲ್ಲಿ ಬಾವಿ, ಬೋರ್‌ವೆಲ್ ನೀರಿನ ಅಂಕಿ ಬದಲಾಗಬಹುದು. ಮತ್ತೆ ಅಳೆಯಿರಿ.
• ನಲ್ಲಿಯಲ್ಲಿ ಕ್ಲೋರಿನ್ ವಾಸನೆ ಎಂದಿಗಿಂತ ಗಾಢವಾಗಿದ್ದರೆ ಆ ದಿನ ನೀರು ಹಿಡಿಯಬೇಡಿ.

ಒಮ್ಮೆ ಆರಿಸಿದ ನಲ್ಲಿಯ ಟಿಡಿಎಸ್, ಪಿಎಚ್, ಗಡಸುತನವನ್ನು ಒಂದು ಚೀಟಿಯಲ್ಲಿ ಬರೆದು ತೊಟ್ಟಿಯ ಪಕ್ಕ ಅಂಟಿಸಿ. ತಿಂಗಳಿಗೊಮ್ಮೆ ಅಳೆದು ಹೋಲಿಸಿ. ನೀವು ಊರಿಗೆ ಹೋದಾಗ ಮೀನು ನೋಡಿಕೊಳ್ಳುವ ಪಕ್ಕದ ಮನೆಯವರಿಗೆ ಮೇವಿನ ಡಬ್ಬಿಯ ಜೊತೆಗೆ ಆ ನಲ್ಲಿಯನ್ನೂ ತೋರಿಸಿ ಹೋಗಿ.