ಸಾಕಿದ ನಾಯಿಯೇ ಎಗರಿ ಬಂದರೆ?

ಮೊಬೈಲ್‌ನಲ್ಲಿ ಫೋಟೊ ನೋಡಿ, ಫೋನಿನಲ್ಲೇ ಚೌಕಾಸಿ ಮುಗಿಸಿ, ಇನ್ನೂ ತಾಯಿ ಹಾಲು ಬಿಡದ ಮರಿಯನ್ನು ಮನೆಗೆ ತರುವವರಿದ್ದಾರೆ. ವರ್ಷ ತುಂಬುವಷ್ಟರಲ್ಲಿ ಅದು ಹಾಲಿನವರ ಮೇಲೆ ಎಗರುತ್ತದೆ, ತಟ್ಟೆ ಮುಟ್ಟಿದರೆ ಮನೆಯವರಿಗೇ ಹಲ್ಲು ಕಿರಿಯುತ್ತದೆ. ಎಷ್ಟು ಜೋರಾಗಿ ಕಚ್ಚಬಾರದು ಎಂಬುದನ್ನು ಮರಿ ಕಲಿಯುವುದು ತಾಯಿ, ಒಡಹುಟ್ಟುಗಳ ಜೊತೆಗಿನ ಆಟದಲ್ಲಿ. ಹೊಸ ಜನ, ಹೊಸ ಸದ್ದುಗಳಿಗೆ ಅದು ಸುಲಭವಾಗಿ ಒಗ್ಗಿಕೊಳ್ಳುವುದು ಸುಮಾರು 3ರಿಂದ 14 ವಾರಗಳ ವಯಸ್ಸಿನಲ್ಲಿ. ಕತ್ತಲೆ ಗೂಡಿನಲ್ಲಿ ಮರಿ ಹಾಕಿಸಿ ಮಾರುವವರು ಈ ಎರಡನ್ನೂ ಕಸಿದಿರುತ್ತಾರೆ. ಹೆತ್ತ ನಾಯಿಯ ಪುಕ್ಕಲುತನವೂ ಮರಿಗೆ ಬರಬಹುದು. ಹೀಗಾಗಿ ಸಿಟ್ಟಿನಂತೆ ಕಾಣುವುದು ಬಹುತೇಕ ಭಯವೇ ಆಗಿರುತ್ತದೆ. ಅಂಥ ನಾಯಿಯೊಂದಿಗೆ ಬಾಳುವುದು ಹೇಗೆ?

1. ಮೊದಲು ಪಶುವೈದ್ಯರಿಗೆ ತೋರಿಸಿ
ಕಿವಿಯ ಸೋಂಕು, ಹಲ್ಲುನೋವು, ಸೊಂಟದ ಕೀಲಿನ ದೋಷ ಇದ್ದರೂ ನಾಯಿ ಮುಟ್ಟಿಸಿಕೊಳ್ಳುವುದಿಲ್ಲ. ನೋವಿಗೆ ಚಿಕಿತ್ಸೆ ಆಗದೆ ತರಬೇತಿ ಫಲಿಸದು. ರೇಬೀಸ್ ಲಸಿಕೆ ತಪ್ಪಿದ್ದರೆ ಅಂದೇ ಹಾಕಿಸಿ.

2. ಕಚ್ಚಲು ಸಂದರ್ಭವನ್ನೇ ಕೊಡಬೇಡಿ
ಗೇಟಿಗೆ ಒಳಗಿನಿಂದ ಚಿಲಕವಿರಲಿ. ನೆಂಟರು ಬಂದಾಗ ನಾಯಿಗೆ ಪ್ರತ್ಯೇಕ ಕೋಣೆ ಇರಲಿ. ಊಟ ಒಂಟಿಯಾಗಿ ಮಾಡಲಿ, ಆ ಹೊತ್ತಿಗೆ ಯಾರೂ ಹತ್ತಿರ ಸುಳಿಯಬಾರದು. ಮಕ್ಕಳ ಜೊತೆ ಒಂದು ನಿಮಿಷವೂ ಅದನ್ನು ಒಂಟಿಯಾಗಿ ಬಿಡಬೇಡಿ. ಹೊರಗೆ ಕರೆದೊಯ್ಯುವಾಗ ಬುಟ್ಟಿಯಂಥ ಬಾಯಿಕುಕ್ಕೆ ಹಾಕಿ. ಅದರೊಳಗೆ ನಾಯಿ ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಆಗಬೇಕು. ಕುಕ್ಕೆಯೊಳಗೆ ತಿಂಡಿ ಇಟ್ಟು ಕೆಲವು ದಿನ ಅಭ್ಯಾಸ ಮಾಡಿಸಿದರೆ ನಾಯಿ ತಾನಾಗಿ ಮೂತಿ ಚಾಚುತ್ತದೆ.

3. ಮುನ್ಸೂಚನೆ ಓದಿ
ಮೈ ಬಿಗಿಯುವುದು, ಕಣ್ಣಿನ ಬಿಳಿ ಕಾಣಿಸುವುದು, ಸುಮ್ಮಸುಮ್ಮನೆ ತುಟಿ ನೆಕ್ಕುವುದು, ಆಕಳಿಸುವುದು, ಆಮೇಲೆ ಗುರುಗುಟ್ಟುವುದು. ಗುರುಗುಟ್ಟಿದ್ದಕ್ಕೆ ಹೊಡೆದರೆ ನಾಯಿ ಎಚ್ಚರಿಸುವುದನ್ನು ಬಿಟ್ಟು ನೇರ ಕಚ್ಚಲು ಕಲಿಯುತ್ತದೆ. ಆ ಕ್ಷಣ ಹಿಂದೆ ಸರಿಯಿರಿ, ಕಾರಣ ಹುಡುಕಿ.

4. ದೂರದಿಂದ ಅಭ್ಯಾಸ ಮಾಡಿಸಿ
ಸಿಲಿಂಡರ್ ತರುವವರನ್ನು ಕಂಡರೆ ರೇಗುವ ನಾಯಿ ಎಂದಿಟ್ಟುಕೊಳ್ಳಿ. ಅಪರಿಚಿತರು ಕಂಡರೂ ಅದು ಬೊಗಳದಷ್ಟು ದೂರದಲ್ಲಿ ಹಗ್ಗ ಹಿಡಿದು ನಿಲ್ಲಿ. ಮನುಷ್ಯ ಕಂಡೊಡನೆ ಬೇಯಿಸಿದ ಕೋಳಿಯ ಚೂರು ಕೊಡುತ್ತಾ ಹೋಗಿ, ಅವರು ಮರೆಯಾದೊಡನೆ ನಿಲ್ಲಿಸಿ. ದಿನಕ್ಕೆ ಐದು ನಿಮಿಷ ಸಾಕು. ಅವರನ್ನು ಕಂಡು ನಿಮ್ಮ ಮುಖ ನೋಡಲು ತೊಡಗಿದ ಮೇಲೆ ಒಂದೆರಡು ಹೆಜ್ಜೆ ಹತ್ತಿರವಾಗಿ. ಬೊಗಳಿದರೆ ಮತ್ತೆ ದೂರ ಹೋಗಿ. ಇದಕ್ಕೆ ತಿಂಗಳುಗಳೇ ಹಿಡಿಯಬಹುದು. ಮುಳ್ಳಿನ ಬೆಲ್ಟ್, ಶಾಕ್ ಬೆಲ್ಟ್ ಬಳಸುವ ತರಬೇತುದಾರರನ್ನು ದೂರವಿಡಿ. ಅವು ಭಯವನ್ನು ಹೆಚ್ಚಿಸುತ್ತವೆ.

5. ಕಚ್ಚಿಯೇಬಿಟ್ಟರೆ
ಗಾಯವನ್ನು ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ಅರಿಸಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ. ನಾಯಿಗೆ ಲಸಿಕೆ ಆಗಿದೆಯೆಂದು ಚಿಕಿತ್ಸೆ ತಪ್ಪಿಸಬೇಡಿ, ವೈದ್ಯರು ಹೇಳಿದಷ್ಟೂ ಚುಚ್ಚುಮದ್ದು ಪೂರ್ಣಗೊಳಿಸಿ. ನಾಯಿಯನ್ನು 10 ದಿನ ಕಟ್ಟಿಹಾಕಿ ಗಮನಿಸಿ. ನೆನಪಿರಲಿ, ಸಾಕುಪ್ರಾಣಿಯಿಂದ ಅಪಾಯವಾಗದಂತೆ ನಿರ್ಲಕ್ಷ್ಯವಿಲ್ಲದೆ ನೋಡಿಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಮಾಲೀಕರ ಹೊಣೆ. ತಪ್ಪಿದರೆ ಜೈಲೂ ಆಗಬಹುದು.

6. ಬೀದಿಗೆ ಬಿಡಬೇಡಿ, ಮರಿ ಹಾಕಿಸಬೇಡಿ
ಸಾಕಿದ ನಾಯಿಯನ್ನು ಬೀದಿಪಾಲು ಮಾಡುವುದು ಅಪರಾಧ. ಸ್ವಭಾವ ಮುಚ್ಚಿಟ್ಟು ಬೇರೆಯವರಿಗೆ ದಾಟಿಸುವುದು ಅವರ ಮನೆಯ ಮಕ್ಕಳಿಗೆ ಮಾಡುವ ದ್ರೋಹ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಇಷ್ಟಾದರೂ ಮನೆಯವರ ಜೀವಕ್ಕೆ ಅಪಾಯವೆನಿಸಿದರೆ ಪಶುವೈದ್ಯರೊಂದಿಗೆ ಮುಚ್ಚುಮರೆಯಿಲ್ಲದೆ ಮಾತಾಡಿ.

ಮುಂದೆ ಮರಿ ಕೊಳ್ಳುವವರಿಗೆ ಒಂದು ಮಾತು. 2017ರ ನಾಯಿ ತಳಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನೋಂದಣಿ ಪತ್ರ ಕೇಳಿ, ತಾಯಿನಾಯಿಯನ್ನು ಕಣ್ಣಾರೆ ನೋಡಿ. ಎರಡಕ್ಕೂ ನೆಪ ಹೇಳುವವರಿಂದ ಮರಿ ಕೊಳ್ಳಲೇಬೇಡಿ.